35 ಸಾವಿರಕ್ಕೆ ಗಿಳಿ ಬರುತ್ತದೆ, ಆಮೇಲಿನ ಖರ್ಚೆಷ್ಟು?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಒಂಬತ್ತನೇ ಕ್ಲಾಸಿನ ಮಗಳು. ದಸರಾ ರಜೆಯಲ್ಲಿ ಮೈಸೂರಿನ ಶುಕವನ ನೋಡಿ ಬಂದ ಮೇಲೆ ಮಗಳಿಗೆ ಗಿಳಿಯದೇ ಧ್ಯಾನ. ಬೆಂಗಳೂರಿನಲ್ಲಿ ಗಿಳಿ ಮರಿ ಮಾಡಿಸಿ ಮಾರುವವರೊಬ್ಬರು ಆಫ್ರಿಕನ್ ಗ್ರೇ ಮರಿಯನ್ನು 35,000 ರೂಪಾಯಿಗೆ ಕೊಡುತ್ತೇವೆ ಅಂದಿದ್ದಾರೆ. 5,000 ಮುಂಗಡ ಕೊಟ್ಟಾಗಿದೆ. ಮರಿಗೆ ಈಗ ಐದು ವಾರ. ಈಗಲೇ ತಗೊಂಡು ಹೋಗಿ ಸಿರಿಂಜಿನಲ್ಲಿ ನೀವೇ ತಿನ್ನಿಸಿ, ಆಗ ಮಾತ್ರ ನಿಮಗೆ ಒಗ್ಗುತ್ತದೆ ಅನ್ನುತ್ತಾರೆ. ಆಮೇಲೆ ಕಾಳು ಹಾಕಿದರಾಯಿತು, ತಿಂಗಳಿಗೆ 300 ರೂಪಾಯಿ ಸಾಕಂತೆ. ಪಕ್ಕದ ಊರಿನವರೊಬ್ಬರು, ಅಷ್ಟು ದುಡ್ಡು ಯಾಕೆ, ಮರದ ಪೊಟರೆಯಿಂದ ತೆಗೆದ ಹಸಿರು ಗಿಳಿ ಮರಿ 800ಕ್ಕೆ ಕೊಡಿಸ್ತೀನಿ ಅಂತಾರೆ. ಅತ್ತೆಗೆ ಉಬ್ಬಸ ಇದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ. ನಿಜವಾದ ಖರ್ಚೆಷ್ಟು? ತರಬಹುದಾ, ಬೇಡವಾ?

ಉತ್ತರ:

ನೀವು ಕೇಳಿರುವುದು ದುಡ್ಡಿನ ಲೆಕ್ಕ. ಅದನ್ನು ಪೂರ್ತಿ ಕೊಡುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ಬೆಲೆಗಿಂತ ದೊಡ್ಡ ಮಾತು ಮೂರಿವೆ. ಅತ್ತೆಯವರ ಉಬ್ಬಸ, ಮಳೆಗಾಲದ ಕರೆಂಟು, ಒಂಬತ್ತನೇ ಕ್ಲಾಸಿನ ಮಗಳು. ನಾನು ಪಶುವೈದ್ಯ. ದನ, ನಾಯಿಗಳ ಜತೆಗೆ ಇಪ್ಪತ್ತು ವರ್ಷದಿಂದ ಕೊಡಗಿನಲ್ಲಿ ಹಕ್ಕಿಗಳನ್ನೂ ನೋಡುತ್ತಿದ್ದೇನೆ. ನನ್ನ ಬಳಿ ಬಂದ ಗಿಳಿಗಳಲ್ಲಿ ಕೊಳ್ಳುವಾಗಲೇ ಮೋಸ ಹೋದವು ಕಡಿಮೆ. ತಂದ ಮೇಲೆ ನಮ್ಮ ಹವೆಗೆ, ನಮ್ಮ ಅಡುಗೆಮನೆಗೆ, ನಮ್ಮ ಕೆಲಸದ ಹೊತ್ತಿಗೆ ಹೊಂದದೆ ಕಾಯಿಲೆ ಬಿದ್ದವೇ ಜಾಸ್ತಿ.

ಮೊದಲು ಆ 800 ರೂಪಾಯಿಯ ಮರಿ. ಅದನ್ನು ಮುಟ್ಟಲೇಬೇಡಿ. ನಮ್ಮ ದೇಶದ ಯಾವ ಗಿಳಿಯನ್ನೂ ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. "ಚಿಕ್ಕಂದಿನಿಂದ ಸಾಕಿದ್ದೇವೆ, ಬಿಟ್ಟರೂ ಹೋಗಲ್ಲ" ಎಂಬ ಮಾತು ಅರಣ್ಯ ಇಲಾಖೆಯವರ ಮುಂದೆ ನಡೆಯುವುದಿಲ್ಲ. ನೀಲಿ, ಹಳದಿ ಬಣ್ಣದ ರಿಂಗ್‌ನೆಕ್ ಅಂತ ಮಾರುತ್ತಾರಲ್ಲ, ಅದೂ ಜಾತಿಯಲ್ಲಿ ನಮ್ಮ ಹಸಿರು ಗಿಳಿಯೇ, ಬಣ್ಣ ಮಾತ್ರ ಬೇರೆ.

ಕಾನೂನು ಹಾಗಿರಲಿ. ನಿಮ್ಮ ತೋಟದ ಸಿಲ್ವರ್ ಓಕ್ ಮೇಲೆ ಬೆಳಿಗ್ಗೆ ಕಿರುಚಿಕೊಂಡು ಹಾರುವ ನೀಲಿ ರೆಕ್ಕೆಯ ಗಿಳಿ ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅದಕ್ಕೆ ಗೂಡು ಮಾಡಲು ಹಳೆಯ ಮರದ ಪೊಟರೆಯೇ ಬೇಕು. ಮರಿ ತೆಗೆಯುವವರು ಪೊಟರೆಯ ಬಾಯಿಯನ್ನು ಕತ್ತಿಯಲ್ಲಿ ಕಡಿದು ಅಗಲ ಮಾಡುತ್ತಾರೆ. ಮಳೆ ನೀರು ಒಳಗೆ ಇಳಿದರೆ ಮರುವರ್ಷ ಅಲ್ಲಿ ಯಾವ ಹಕ್ಕಿಯೂ ಮೊಟ್ಟೆ ಇಡುವುದಿಲ್ಲ. ಒಂದು ಮರಿ ಹೋಯಿತು ಅಂತಲ್ಲ, ಒಂದು ಗೂಡೇ ಹೋಗುತ್ತದೆ.

ಈಗ ಬೆಂಗಳೂರಿನ ಮರಿ. ಆಫ್ರಿಕನ್ ಗ್ರೇ ಹೊರದೇಶದ ಹಕ್ಕಿ. ಇಲ್ಲೇ ಮರಿ ಮಾಡಿಸಿದ್ದಾದರೆ ಸಾಕಬಹುದು, ಆದರೆ ಕಾಗದ ಬೇಕು. ಕಾಡು ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಕಣ್ಣಿಡುವ ಸೈಟಿಸ್ ಒಪ್ಪಂದದಲ್ಲಿ ಈ ಗಿಳಿಯನ್ನು 2016ರಲ್ಲಿ ಅತಿ ಬಿಗಿ ನಿಯಮದ ಮೊದಲ ಪಟ್ಟಿಗೆ ಹಾಕಿದರು. ಆಫ್ರಿಕದ ಕಾಡುಗಳಲ್ಲಿ ಅಷ್ಟು ಹಿಡಿದು ಮಾರಿದ್ದರು. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಮೇಲೆ ಸೈಟಿಸ್ ಪಟ್ಟಿಯ ಜೀವಿಗಳು ಇದರ ನಾಲ್ಕನೇ ಅನುಸೂಚಿಗೆ ಬಂದಿವೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮದಂತೆ ಇಂಥ ಹಕ್ಕಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಹಕ್ಕಿ ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಹಾಗಾಗಿ ಮಾರುವವರನ್ನು ಕೇಳಿ: ತಾಯಿ ಹಕ್ಕಿಗಳ ನೋಂದಣಿ ಇದೆಯಾ? ಮರಿಯ ಹೆಸರು ಅದರಲ್ಲಿ ಸೇರಿದೆಯಾ? ಕಾಲಿಗೆ ನಂಬರಿನ ಉಂಗುರ ಇದೆಯಾ? ಆ ಉಂಗುರ ಕೂಡಿಸಲು ಬಾಯಿ ಇರುವಂಥದ್ದಾಗಿರಬಾರದು, ಇಡೀ ಬಳೆಯ ಹಾಗಿರಬೇಕು. ಅದನ್ನು ಮರಿಯ ಕಾಲು ಎಳೆಯದಾಗಿದ್ದಾಗ ಮಾತ್ರ ಹಾಕಲು ಸಾಧ್ಯ. ಆಮೇಲೆ ಹೋಗುವುದಿಲ್ಲ, ಬರುವುದೂ ಇಲ್ಲ. "ಕಾಗದ ಎಲ್ಲ ಆಮೇಲೆ ಮಾಡಿಸಿಕೊಡ್ತೀವಿ" ಅಂದರೆ ಅಲ್ಲಿಗೇ ನಿಲ್ಲಿಸಿ.

ಐದು ವಾರದ ಮರಿಯ ವಿಷಯ. ಈ ಒಂದು ಮಾತಿಗೆ ನಾನು ಎಷ್ಟು ಮರಿಗಳನ್ನು ಕಳೆದುಕೊಂಡಿದ್ದೇನೆ ಎಂದು ಲೆಕ್ಕ ಇಟ್ಟಿಲ್ಲ. "ನೀವೇ ತಿನ್ನಿಸಿದರೆ ಮಾತ್ರ ಒಗ್ಗುತ್ತದೆ" ಎಂಬುದು ಸುಳ್ಳು. ಗ್ರೇ ಮರಿ ತಾನೇ ತಿನ್ನಲು ಕಲಿಯುವುದಕ್ಕೆ ಸುಮಾರು ಮೂರರಿಂದ ನಾಲ್ಕು ತಿಂಗಳು ಬೇಕು. ಅಲ್ಲಿಯವರೆಗೆ ತಿನ್ನಿಸುವ ಕೆಲಸ, ಬಿಸಿ ಪೆಟ್ಟಿಗೆಯಲ್ಲಿಡುವ ಕೆಲಸ, ಮರಿ ಸತ್ತರೆ ನಷ್ಟ, ಎಲ್ಲ ನಿಮ್ಮ ತಲೆಗೆ ದಾಟಲಿ ಎಂಬುದೇ ಆ ಮಾತಿನ ಒಳಗುಟ್ಟು. ಹಿಟ್ಟಿನ ಗಂಜಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಸ್ವಲ್ಪ ತಣಿದರೆ ಮರಿ ತಿನ್ನುವುದಿಲ್ಲ, ತಿಂದರೂ ಕೊರಳಿನ ಚೀಲದಲ್ಲೇ ನಿಂತು ಹುಳಿಯಾಗುತ್ತದೆ. ಸ್ವಲ್ಪ ಬಿಸಿ ಜಾಸ್ತಿಯಾದರೆ ಆ ಚೀಲವೇ ಸುಡುತ್ತದೆ. ಒಮ್ಮೆ ಒಬ್ಬರು ತಂದ ಮರಿಯ ಎದೆಯ ಮೇಲೆ ಕಾಸಗಲದ ಕಪ್ಪು ಹಕ್ಕಳೆ ಇತ್ತು. ಅದನ್ನು ಎತ್ತಿದರೆ ಕೆಳಗೆ ತೂತು. ಬೆಳಿಗ್ಗೆ ಕೊಟ್ಟ ಗಂಜಿ ಆ ತೂತಿನಿಂದ ತೊಟ್ಟಿಕ್ಕುತ್ತಿತ್ತು. ಸಿರಿಂಜು ಒತ್ತುವ ವೇಗ ತಪ್ಪಿದರೆ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೆ ಮದ್ದು ಹುಡುಕುವಷ್ಟು ಹೊತ್ತೂ ಸಿಗುವುದಿಲ್ಲ.

ಗಿಳಿ ಒಗ್ಗುವುದು ದಿನಾ ಜತೆಗಿರುವವರಿಗೆ. ನಾಲ್ಕು ತಿಂಗಳ ಮರಿಯೂ ಒಗ್ಗುತ್ತದೆ, ನಾಲ್ಕು ವರ್ಷದ್ದೂ ಒಗ್ಗುತ್ತದೆ. ತಾನಾಗಿ ತಿನ್ನುವ ಹಕ್ಕಿಯನ್ನು ಮಾತ್ರ ತನ್ನಿ. ನಿಮ್ಮ ಕಣ್ಣೆದುರು ಅದು ತಿನ್ನುವುದನ್ನು ಅರ್ಧ ಗಂಟೆ ಕೂತು ನೋಡಿ.

ಇನ್ನು ಲೆಕ್ಕ. ನಾನು ಹೇಳುವ ಬೆಲೆಗಳು ನನ್ನ ಬಳಿ ಬರುವವರು ಕೊಟ್ಟು ಬಂದದ್ದು. ನೂರಿನ್ನೂರು ಆಚೀಚೆ ಆಗಬಹುದು. ಗ್ರೇಗೆ 35 ಸಾವಿರ ಕಡಿಮೆ ಬೆಲೆಯೇ. ತಾನಾಗಿ ತಿನ್ನುವ, ಕಾಗದ ಸರಿ ಇರುವ ಮರಿಗೆ 45ರಿಂದ 70 ಸಾವಿರ ಕೊಟ್ಟವರನ್ನು ನೋಡಿದ್ದೇನೆ. ಪಂಜರಕ್ಕೆ 15ರಿಂದ 20 ಸಾವಿರ ಇಟ್ಟುಕೊಳ್ಳಿ. ಎರಡೂ ರೆಕ್ಕೆ ಬಿಚ್ಚಿ ತಿರುಗಲು ಜಾಗ ಇರಬೇಕು, ಸರಳು ಗಟ್ಟಿ ಇರಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಜಿಐ ಮೆಶ್‌ನಿಂದ ಮಾಡಿಸಿದರೆ ಅರ್ಧ ದುಡ್ಡಿಗೆ ಆಗುತ್ತದೆ ನಿಜ. ಆದರೆ ಆ ತಂತಿಯ ಮೇಲಿರುವುದು ಸತು. ಗಿಳಿ ಇಡೀ ದಿನ ಕೊಕ್ಕಿನಿಂದ ತಂತಿ ಕಚ್ಚುತ್ತದೆ, ಸತು ಹೊಟ್ಟೆಗೆ ಸೇರಿ ವಿಷವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮಾಡಿಸಿ, ಇಲ್ಲವೇ ಹಕ್ಕಿಗೆಂದೇ ಮಾಡಿದ ಪೌಡರ್ ಕೋಟಿಂಗ್ ಪಂಜರ ತನ್ನಿ. ಒಯ್ಯಲು ಸಣ್ಣ ಪಂಜರ 2 ಸಾವಿರ. ಒಂದು ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ 500. ಮೊದಲ ತಪಾಸಣೆ, ಕೊಕ್ಕು-ಗರಿ ರೋಗದ ಪರೀಕ್ಷೆ, ರಕ್ತ ಪರೀಕ್ಷೆ ಸೇರಿ 5 ಸಾವಿರ.

ತಿಂಗಳಿಗೆ 300 ಅನ್ನುವುದು ಸೂರ್ಯಕಾಂತಿ ಬೀಜದ ಲೆಕ್ಕ. ಬರೀ ಬೀಜ ತಿಂದ ಗಿಳಿಗೆ ಮೇಲ್ನೋಟಕ್ಕೆ ಏನೂ ಆಗಿರುವುದಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಲಿವರ್‌ಗೆ ಕೊಬ್ಬು ಕಟ್ಟಿರುತ್ತದೆ, ಎ ವಿಟಮಿನ್ ಇಲ್ಲದೆ ಮೂಗು ಕಟ್ಟಿರುತ್ತದೆ. ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ಜೂನ್ ತಿಂಗಳಲ್ಲಿ ಬಿಚ್ಚಿದ ಬೀಜದ ಚೀಲ ಜುಲೈ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಕಡಲೆಕಾಯಿಯಲ್ಲಂತೂ ಆ ಬೂಷ್ಟು ಲಿವರ್ ಹಾಳುಮಾಡುವ ವಿಷ ಬಿಡುತ್ತದೆ. ಆಹಾರದ ಅರ್ಧಕ್ಕಿಂತ ಹೆಚ್ಚು ಪಾಲು ಗಿಳಿಗೆಂದೇ ಮಾಡಿದ ಪೆಲೆಟ್, ಅಂದರೆ ಗುಳಿಗೆಯಂಥ ಆಹಾರ, ಇರಲಿ, ಉಳಿದದ್ದು ತರಕಾರಿ, ಸೊಪ್ಪು, ಸ್ವಲ್ಪ ಹಣ್ಣು. ಒಂದು ಗ್ರೇ ತಿಂಗಳಿಗೆ ಒಂದರಿಂದ ಒಂದೂವರೆ ಕೆಜಿ ಪೆಲೆಟ್ ತಿನ್ನುತ್ತದೆ. ಒಳ್ಳೆಯ ಪೆಲೆಟ್ ಕೆಜಿಗೆ ಸಾವಿರದ ಮೇಲೆಯೇ. ಎಲ್ಲ ಸೇರಿ ತಿಂಗಳಿಗೆ 2 ಸಾವಿರ ಹಿಡಿಯಿರಿ. ಕುಂಬಳಕಾಯಿ, ನುಗ್ಗೆಸೊಪ್ಪು, ಪಪ್ಪಾಯಿ ಹಿತ್ತಲಲ್ಲೇ ಸಿಗುತ್ತವೆ, ಅದು ನಿಮಗೆ ಲಾಭ. ಮೆಣಸಿನಕಾಯಿ ಕೊಟ್ಟರೆ ಮಾತು ಬೇಗ ಬರುತ್ತದೆ ಎನ್ನುವುದು ಬರೀ ನಂಬಿಕೆ. ಹಕ್ಕಿಗಳಿಗೆ ಅದರ ಖಾರ ತಾಗುವುದೇ ಇಲ್ಲ, ಅದಕ್ಕೇ ಖುಷಿಯಾಗಿ ತಿನ್ನುತ್ತವೆ. ಮಗುವಿಗೆ ತೇಯ್ದು ಹಚ್ಚುವ ಹಾಗೆ ಗಿಳಿಯ ನಾಲಿಗೆಗೆ ಬಜೆ ಹಚ್ಚಿ ತಂದವರೂ ಇದ್ದಾರೆ. ಗಿಳಿಯ ದನಿ ಹುಟ್ಟುವುದು ಎದೆಯೊಳಗೆ, ಉಸಿರುನಾಳದ ಬುಡದಲ್ಲಿ. ನಾಲಿಗೆ ಉಜ್ಜಿದರೆ ಅದಕ್ಕೆ ನೋವಾಗುತ್ತದೆ ಅಷ್ಟೆ. ಗ್ರೇ ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ ಮಾತು ಶುರುಮಾಡುತ್ತದೆ. ಶುರುಮಾಡದೇ ಇರುವುದೂ ಉಂಟು. ಮಾತಾಡುತ್ತದೆ ಎಂಬ ಗ್ಯಾರಂಟಿಗೆ ಯಾರಿಗೂ ದುಡ್ಡು ಕೊಡಬೇಡಿ.

ಕಚ್ಚಿ ಹರಿಯಲು ಏನಾದರೂ ಬೇಕೇ ಬೇಕು. ಅಂಗಡಿಯ ಆಟಿಕೆಗೆ ವರ್ಷಕ್ಕೆ 8 ಸಾವಿರ ಬೇಕಾದೀತು. ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೆಯ ರಟ್ಟು ಕೊಟ್ಟರೆ ಅರ್ಧಕ್ಕೆ ಇಳಿಯುತ್ತದೆ. ಕೂರುವ ಕೊಂಬೆಗೆ ಹಳೆಯ ಕಾಫಿ ಗಿಡದ ಕಾಂಡ ಬಹಳ ಒಳ್ಳೆಯದು. ಗಟ್ಟಿ, ಸೀಳು ಬಿಡುವುದಿಲ್ಲ. ಹೊರದೇಶದಲ್ಲಿ ಇದನ್ನೇ ಗಿಳಿ ಸಾಕುವವರಿಗೆ ದುಡ್ಡಿಗೆ ಮಾರುತ್ತಾರೆ. ಆದರೆ ಮಳೆಗೆ ಮೊದಲು ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆದ ಗಿಡದ್ದು ಬೇಡ. ತೊಗಟೆಯ ಸಂದಿಯಲ್ಲಿ ಮೈಲುತುತ್ತ ನೀಲಿಯಾಗಿ ಅಂಟಿಕೊಂಡಿರುತ್ತದೆ, ಗಿಳಿ ಮೊದಲು ಕೀಳುವುದೇ ತೊಗಟೆಯನ್ನು. ಹಿತ್ತಲಿನ ಸೀಬೆ ಕೊಂಬೆ ತೊಳೆದು ಒಣಗಿಸಿ ಹಾಕಿ.

ಕೊಡಗಿನ ಮಳೆಗಾಲ ಈ ಹಕ್ಕಿಯ ನಿಜವಾದ ಪರೀಕ್ಷೆ. ಚಳಿಗೆ ಗಿಳಿ ಸಾಯುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಗಾಳಿ ಹೊಡೆಯದ ಒಣ ಜಾಗದಲ್ಲಿ ಚಳಿಯನ್ನು ದೊಡ್ಡ ಹಕ್ಕಿ ತಡೆಯುತ್ತದೆ. ತಡೆಯದೇ ಇರುವುದು ತೇವ, ಹೊಗೆ ಮತ್ತು ಬಿಸಿಲಿಲ್ಲದಿರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯ ಮೇಲೆ, ಮರದ ಮೇಲೆ ಬರುವ ಬೂಷ್ಟಿನ ಪುಡಿ ಗಿಳಿಯ ಗಾಳಿಚೀಲಗಳಲ್ಲಿ ಬೆಳೆಯುತ್ತದೆ. ಬಾಲ ಮೇಲೆ ಕೆಳಗೆ ಆಡಿಸಿಕೊಂಡು ಉಸಿರಾಡುವ ಹಕ್ಕಿಯನ್ನು ನೋಡಿದರೆ ನನಗೆ ಮೊದಲು ಬರುವ ಅನುಮಾನ ಅದೇ. ಅದರ ಔಷಧಿ ತಿಂಗಳುಗಟ್ಟಲೆ ಕೊಡಬೇಕು, ದುಬಾರಿ, ಗ್ರೇಗಳಿಗೆ ಕೆಲವೊಮ್ಮೆ ಆ ಔಷಧಿಯೇ ಆಗಿಬರುವುದಿಲ್ಲ.

ಬಿಸಿಲಿನ ಮಾತಿಗೆ ಒಂದು ಘಟನೆ ಹೇಳುತ್ತೇನೆ. ಒಂದು ಆಗಸ್ಟಿನಲ್ಲಿ, ರಾತ್ರಿ ಎಂಟರ ಹೊತ್ತಿಗೆ, ಟವೆಲಿನಲ್ಲಿ ಸುತ್ತಿದ ಗ್ರೇ ಒಂದನ್ನು ತಂದರು. ಕೊಂಬೆಯ ಮೇಲಿಂದ ಧೊಪ್ಪನೆ ಬಿದ್ದಿತ್ತು. ಟವೆಲು ಬಿಚ್ಚಿದಾಗ ಕಾಲಿನ ಬೆರಳು ಮುಷ್ಟಿ ಕಟ್ಟಿದ್ದವು, ಕಣ್ಣಿನ ಪಾಪೆ ಒಂದೇ ಸಮ ದೊಡ್ಡದು ಸಣ್ಣದು ಆಗುತ್ತಿತ್ತು, ಕೆಂಪು ಬಾಲ ನಡುಗುತ್ತಿತ್ತು. ಮನೆಯವರು ವಿಷ ತಿಂದಿರಬೇಕು ಅಂದುಕೊಂಡಿದ್ದರು. ಅದು ಕ್ಯಾಲ್ಸಿಯಂ ಕೊರತೆಯ ಫಿಟ್ಸ್. ಗ್ರೇ ಜಾತಿಗೆ ಇದು ಬೇರೆ ಗಿಳಿಗಳಿಗಿಂತ ಜಾಸ್ತಿ. ಬಿಸಿಲಿಲ್ಲದಿದ್ದರೆ ಡಿ ವಿಟಮಿನ್ ಆಗುವುದಿಲ್ಲ, ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಮೂರು ತಿಂಗಳು ಅದು ಸೂರ್ಯನನ್ನು ಕಂಡಿರಲಿಲ್ಲ, ತಿನ್ನುತ್ತಿದ್ದದ್ದು ಬರೀ ಬೀಜ. ಇಂಜೆಕ್ಷನ್ ಕೊಟ್ಟ ಮೇಲೆ ಬೆರಳು ನಿಧಾನಕ್ಕೆ ಬಿಚ್ಚಿದವು. ಆ ಹಕ್ಕಿ ಉಳಿಯಿತು. ಕಿಟಕಿ ಗಾಜಿನಿಂದ ಬರುವ ಬೆಳಕು ಇದಕ್ಕೆ ಸಾಲದು, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಯುವಿ-ಬಿ ದೀಪ ಹಾಕಬೇಕು. 3 ಸಾವಿರದ ಆಸುಪಾಸು. ಉರಿಯುತ್ತಿದ್ದರೂ ಒಂದು ವರ್ಷದಲ್ಲಿ ಅದರ ಸತ್ವ ಇಳಿದಿರುತ್ತದೆ, ಬದಲಿಸಲೇಬೇಕು.

ಮರಿಯನ್ನೋ ಕಾಯಿಲೆ ಹಕ್ಕಿಯನ್ನೋ ರಾತ್ರಿ ಬೆಚ್ಚಗಿಡಲು ಬೆಳಕು ಬಾರದ 100 ವ್ಯಾಟಿನ ಸೆರಾಮಿಕ್ ಹೀಟರು ಸಾಕು, ಹೋಲ್ಡರು ಸೇರಿ 2 ಸಾವಿರದೊಳಗೆ ಆಗುತ್ತದೆ. ಹನ್ನೆರಡು ಗಂಟೆಗೆ 1.2 ಯೂನಿಟ್, ತಿಂಗಳಿಗೆ 36. ಬಿಲ್ಲಿನಲ್ಲಿ ದೊಡ್ಡದಲ್ಲ. ತೊಂದರೆ ಕರೆಂಟು ಹೋದಾಗ. ಮನೆಗಳಲ್ಲಿರುವ 150 ಎಎಚ್ ಬ್ಯಾಟರಿಯ ಇನ್ವರ್ಟರು ಈ ಒಂದು ಹೀಟರನ್ನು ಒಂದು ರಾತ್ರಿ ಎಳೆಯುತ್ತದೆ. ಎರಡನೇ ರಾತ್ರಿಗೆ ನೀವು ಕತ್ತಲೆಯಲ್ಲಿ. ಅಂಥ ಹೊತ್ತಿನಲ್ಲಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಂಜರದ ಪಕ್ಕ ಇಟ್ಟು, ಮೂರು ಕಡೆ ಕಂಬಳಿ ಹೊದಿಸಬೇಕು. ರಾತ್ರಿ ಎರಡು ಸಲ ಎದ್ದು ನೀರು ಬದಲಿಸುವವರು ಮನೆಯಲ್ಲಿ ಇರಬೇಕು. ಕೆಂಡದ ಅಗ್ಗಿಷ್ಟಿಕೆ ಮಾತ್ರ ಆ ಕೋಣೆಗೆ ತರಲೇಬಾರದು.

ಹೊಗೆಯ ಬಗ್ಗೆ ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಬಚ್ಚಲ ಒಲೆ ಇದೆ, ಸಂಜೆ ಸಾಂಬ್ರಾಣಿ ಹಾಕುತ್ತೇವೆ, ಸೊಳ್ಳೆ ಬತ್ತಿ ಹಚ್ಚುತ್ತೇವೆ. ಹಕ್ಕಿಯ ಶ್ವಾಸಕೋಶ ನಮ್ಮದಕ್ಕಿಂತ ಬಹಳ ಚುರುಕು, ಗಾಳಿಯಲ್ಲಿರುವ ವಿಷವನ್ನೂ ಅಷ್ಟೇ ಚುರುಕಾಗಿ ಎಳೆದುಕೊಳ್ಳುತ್ತದೆ. ಎಲ್ಲಕ್ಕಿಂತ ಅಪಾಯ ನಾನ್‌ಸ್ಟಿಕ್ ಕಾವಲಿ. ಒಲೆಯ ಮೇಲೆ ಖಾಲಿ ಕಾವಲಿ ಕಾಯಿಸಿ ಅಕ್ಕಿ ರೊಟ್ಟಿಗೆ ಹಿಟ್ಟು ತಟ್ಟುತ್ತಾ ಕೂತಿರುತ್ತೇವಲ್ಲ, ಆ ಐದು ನಿಮಿಷದಲ್ಲಿ ಅದರ ಲೇಪ ಅತಿಯಾಗಿ ಕಾದು ವಾಸನೆಯೇ ಇಲ್ಲದ ಹೊಗೆ ಬಿಡುತ್ತದೆ. ಪಕ್ಕದ ಕೋಣೆಯ ಗಿಳಿ ಕೆಲವೇ ನಿಮಿಷದಲ್ಲಿ ಸಾಯುತ್ತದೆ. ಮನುಷ್ಯರಿಗೆ ಏನೂ ಗೊತ್ತಾಗಿರುವುದಿಲ್ಲ. ಗಿಳಿ ಬಂದರೆ ಮನೆಗೆ ಕಬ್ಬಿಣದ ಕಾವಲಿ ವಾಪಸ್ ಬರಬೇಕು.

ತಿನ್ನಬಾರದ್ದರಲ್ಲಿ ಮೂರು ನಮ್ಮ ಜಿಲ್ಲೆಯವೇ. ತೋಟದ ಬೆಣ್ಣೆಹಣ್ಣು, ಅಂದರೆ ಆವಕಾಡೊ, ಗಿಳಿಯ ಹೃದಯಕ್ಕೆ ವಿಷ. ಸಣ್ಣ ತುಂಡೂ ಬೇಡ. ಕಾಫಿ ಬೇಡ, ಲೋಟದ ಅಡಿಯ ಗುಟುಕೂ ಬೇಡ. ಮಡಿಕೇರಿಯ ಹೋಮ್‌ಮೇಡ್ ಚಾಕೊಲೇಟ್ ಮಕ್ಕಳು ಪ್ರೀತಿಗೆ ಕೊಟ್ಟುಬಿಡುತ್ತಾರೆ, ಅದೂ ಬೇಡ.

ಕಾಯಿಲೆ ಬಿದ್ದರೆ ಎಲ್ಲಿಗೆ ಹೋಗುತ್ತೀರಿ ಎಂಬುದನ್ನು ತರುವ ಮೊದಲೇ ಗೊತ್ತು ಮಾಡಿಕೊಳ್ಳಿ. ನನ್ನಂಥವರು ಮೊದಲ ಚಿಕಿತ್ಸೆ ಮಾಡುತ್ತೇವೆ. ಎಕ್ಸ್-ರೇ, ರಕ್ತ ಪರೀಕ್ಷೆ, ಒಳಗೆ ಕ್ಯಾಮೆರಾ ಇಳಿಸಿ ನೋಡುವುದು ಇದಕ್ಕೆಲ್ಲ ಮೈಸೂರು ಅಥವಾ ಬೆಂಗಳೂರು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಒಂದು ಸಲ ಹೋಗಿಬರಲು ಕಾರಿನ ಬಾಡಿಗೆ 4ರಿಂದ 5 ಸಾವಿರ, ಆಸ್ಪತ್ರೆಯ ಖರ್ಚು ಅದರ ಮೇಲೆ. ಗಿಳಿ ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತದೆ, ಕಾಡಿನಲ್ಲಿ ಮಂಕಾಗಿ ಕೂತದ್ದನ್ನೇ ಹದ್ದು ಮೊದಲು ಎತ್ತುತ್ತದೆ, ಅದಕ್ಕೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದೆ ಅಂದರೆ ನಾಲ್ಕು ದಿನದ ಹಿಂದೆಯೇ ತಡವಾಗಿದೆ. ಆ 500 ರೂಪಾಯಿಯ ತಕ್ಕಡಿ ಇರುವುದು ಅದಕ್ಕೇ. ಬೆಳಿಗ್ಗೆ ತಿನ್ನುವ ಮೊದಲು ತೂಗಿ. ಹತ್ತರಲ್ಲಿ ಒಂದು ಭಾಗ ಇಳಿದರೆ, ಹಕ್ಕಿ ಎಷ್ಟೇ ಚುರುಕಾಗಿದ್ದರೂ, ಅವತ್ತೇ ಫೋನ್ ಮಾಡಿ.

ಹೀಗೆ ಕೂಡಿದರೆ, 35 ಸಾವಿರಕ್ಕೇ ಹಕ್ಕಿ ಸಿಕ್ಕಿತು ಅಂದುಕೊಂಡರೂ ಮೊದಲ ವರ್ಷ ಒಂದು ಲಕ್ಷದ ಹತ್ತಿರ ಆಗುತ್ತದೆ. ಆಮೇಲೆ ವರ್ಷಕ್ಕೆ, ದೊಡ್ಡ ಕಾಯಿಲೆ ಬಾರದಿದ್ದರೆ, 40ರಿಂದ 45 ಸಾವಿರ. ಚೆನ್ನಾಗಿ ನೋಡಿಕೊಂಡ ಗ್ರೇ 40 ವರ್ಷದ ಮೇಲೆ ಬದುಕುತ್ತದೆ. ಇವತ್ತಿನ ಬೆಲೆಯಲ್ಲೇ ಲೆಕ್ಕ ಹಾಕಿದರೂ 16 ಲಕ್ಷ ದಾಟುತ್ತದೆ.

ದುಡ್ಡು ಹೇಗಾದರೂ ಹೊಂದಿಸಬಹುದು. ಹೊತ್ತು? ಈ ಗಿಳಿಗೆ ದಿನಕ್ಕೆ ಮೂರು ಗಂಟೆಯಾದರೂ ಪಂಜರದ ಹೊರಗೆ ಜನರ ಜತೆ ಬೇಕು. ಒಂದು ಮನೆಯ ಗ್ರೇ ಎರಡು ವರ್ಷ ಸತತ ಜನವರಿಯಲ್ಲಿ ನನ್ನ ಬಳಿ ಬಂತು. ಎದೆಯ ಗರಿಯೆಲ್ಲ ತಾನೇ ಕಿತ್ತುಕೊಂಡು ಚರ್ಮ ಕಾಣುತ್ತಿತ್ತು. ಚರ್ಮ ನೋಡಿದೆ, ಹುಳ ನೋಡಿದೆ, ರಕ್ತ ಪರೀಕ್ಷೆ ಮಾಡಿಸಿದೆ, ಎಲ್ಲ ಸರಿ ಇತ್ತು. ಕಾರಣ ಕಾಫಿ ಕುಯ್ಲು. ಡಿಸೆಂಬರಿನಿಂದ ಮನೆಯವರೆಲ್ಲ ಬೆಳಿಗ್ಗೆಯಿಂದ ತೋಟದಲ್ಲಿ, ಸಂಜೆ ಕಣದಲ್ಲಿ. ಹಕ್ಕಿ ಒಂದೇ ಕೋಣೆಯಲ್ಲಿ. ಕುಯ್ಲು ಮುಗಿದ ಮೇಲೆ ಗರಿ ಬಂತು. ಎರಡನೇ ಸಲ ಪೂರ್ತಿ ಬರಲಿಲ್ಲ. ನಿಮ್ಮ ಮಗಳಿಗೆ ಮುಂದಿನ ವರ್ಷ ಹತ್ತನೇ ಕ್ಲಾಸು. ಆಮೇಲೆ ಪಿಯುಸಿಗೆ ಮಂಗಳೂರೋ ಮೈಸೂರೋ ಅಂತ ಹಾಸ್ಟೆಲಿಗೆ ಹೋದರೆ, ಅವಳಿಗೆ ಒಗ್ಗಿದ ಹಕ್ಕಿಗೆ ಮನೆಯಲ್ಲಿ ಉಳಿಯುವವರು ನೀವು.

ಕೊನೆಗೆ ಅತ್ತೆಯವರು. ನನ್ನ ಉತ್ತರ ನಿಂತಿರುವುದು ಇದರ ಮೇಲೆಯೇ. ಗ್ರೇ, ಕಾಕಟೂ, ಕಾಕಟೀಲ್ ಈ ಮೂರರ ಮೈಯಿಂದ ಗೋಧಿಹಿಟ್ಟಿನಂಥ ಬಿಳಿ ಪುಡಿ ಉದುರುತ್ತದೆ. ಅವುಗಳ ಗರಿ ಬೆಳೆಯುವ ರೀತಿಯೇ ಹಾಗೆ, ಸ್ನಾನ ಮಾಡಿಸಿದರೆ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಕಪ್ಪು ಟಿವಿಯ ಮೇಲೆ ಎರಡು ದಿನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಮನೆಯಲ್ಲಿ ಉಬ್ಬಸದವರಿಗೆ ಇದು ಸರಿಯಲ್ಲ. ಉಬ್ಬಸ ಇಲ್ಲದವರಿಗೂ ವರ್ಷಗಟ್ಟಲೆ ಹಕ್ಕಿಯ ಪುಡಿ ಉಸಿರಾಡಿ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರುವುದುಂಟು. ಗಿಳಿಯಿಂದ ಮನುಷ್ಯರಿಗೆ ದಾಟುವ ಸಿಟಕೋಸಿಸ್ ಎಂಬ ಸೋಂಕೂ ಇದೆ. ಜ್ವರ, ತಲೆನೋವು, ಒಣಕೆಮ್ಮು ಬರುತ್ತದೆ. ಡಾಕ್ಟರಿಗೆ ಮನೆಯಲ್ಲಿ ಗಿಳಿ ಇದೆ ಎಂದು ಹೇಳಿದರೆ ಸರಿಯಾದ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಹೇಳದಿದ್ದರೆ ಸುಮ್ನೆ ಬೇರೆ ಬೇರೆ ಔಷಧಿ ನಡೆಯುತ್ತದೆ.

ಹಾಗಾಗಿ ನಿಮ್ಮ ಮನೆಗೆ ಆಫ್ರಿಕನ್ ಗ್ರೇ ಬೇಡ. ಇದನ್ನು ಖಂಡಿತವಾಗಿ ಹೇಳುತ್ತೇನೆ. ಪಂಜರವನ್ನು ಹೊರಗಿನ ಜಗಲಿಯಲ್ಲಿಟ್ಟರೆ ಆಗಲ್ವಾ ಅಂತ ಕೇಳಬಹುದು. ಅಷ್ಟು ಬುದ್ಧಿಯ ಹಕ್ಕಿಯನ್ನು ಜನರಿಂದ ದೂರ ಇಟ್ಟರೆ ಅದು ಗರಿ ಕಿತ್ತುಕೊಳ್ಳುವ ಹಕ್ಕಿಯಾಗುತ್ತದೆ.

ಹಾಗಾದರೆ ಮಗಳಿಗೆ ಏನು? ಒಂದು ಜೋಡಿ ಬಡ್ಜಿ, ನಾವು ಲವ್‌ಬರ್ಡ್ಸ್ ಅಂತ ತಪ್ಪಾಗಿ ಕರೆಯುವ ಆ ಸಣ್ಣ ಹಕ್ಕಿ. ಸೈಟಿಸ್ ಪಟ್ಟಿಯಲ್ಲಿಲ್ಲ, ನೋಂದಣಿ ಬೇಡ. ಜೋಡಿಗೆ ಸಾವಿರದೊಳಗೆ, ಮೂರಡಿ ಉದ್ದದ ಪಂಜರ 4 ಸಾವಿರ, ತಿಂಗಳಿಗೆ 400. ಹೀಟರು, ತಕ್ಕಡಿ, ತಪಾಸಣೆ ಸೇರಿ ಮೊದಲ ವರ್ಷ 14 ಸಾವಿರದ ಆಸುಪಾಸು. ಐದರಿಂದ ಹತ್ತು ವರ್ಷ ಬದುಕುತ್ತವೆ. ಒಂದಕ್ಕೊಂದು ಜತೆ ಇರುವುದರಿಂದ ಕುಯ್ಲಿನ ತಿಂಗಳಲ್ಲೂ ಒಂಟಿಯಾಗುವುದಿಲ್ಲ. ಇವುಗಳನ್ನು ಮುಚ್ಚಿದ ಜಗಲಿಯಲ್ಲಿ ಇಡಬಹುದು, ಎರಚಲು ಬಾರದ ಕಡೆ. ಆದರೆ ರಾತ್ರಿ ತಪ್ಪದೆ ಬಾಗಿಲು ಇರುವ ಕೋಣೆಗೆ ತನ್ನಿ. ಉದುರಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಕೇರೆ ಹಾವು ಬರುತ್ತದೆ. ಸರಳಿನ ಸಂದಿಯಿಂದ ಒಳಗೆ ಹೋಗಿ ಎರಡೂ ಹಕ್ಕಿ ನುಂಗಿ, ಹೊಟ್ಟೆ ಉಬ್ಬಿ ಹೊರಗೆ ಬರಲಾಗದೆ ಪಂಜರದಲ್ಲೇ ಸುತ್ತಿಕೊಂಡು ಮಲಗಿದ್ದ ಹಾವನ್ನು ನಾನೇ ಬಿಡಿಸಿದ್ದೇನೆ.

ಬಡ್ಜಿಯೂ ಉಬ್ಬಸಕ್ಕೆ ಪೂರ್ತಿ ನಿರಪಾಯ ಅಲ್ಲ. ಪುಡಿ ಕಡಿಮೆ ಅಷ್ಟೆ. ಅದಕ್ಕೇ ಮೊದಲು ಅತ್ತೆಯವರನ್ನು ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕೇಳಿ. ಆಮೇಲೆ ಗಿಳಿ ಸಾಕಿರುವ ಯಾರದಾದರೂ ಮನೆಯಲ್ಲಿ ಅವರು ಎರಡು ಮೂರು ಸಲ ಒಂದೆರಡು ಗಂಟೆ ಕೂತು ಬರಲಿ. ಆ ರಾತ್ರಿಗಳಲ್ಲಿ ಕೆಮ್ಮು, ಗೊರಗೊರ ಜಾಸ್ತಿಯಾದರೆ ಮನೆಯೊಳಗೆ ಯಾವ ಹಕ್ಕಿಯೂ ಬೇಡ. ಆಗ ಅಂಗಳದ ಅಂಚಿನಲ್ಲಿ ಒಂದು ಹಾಲುವಾಣ ಬೆಳೆಸಿ, ಮಗಳಿಗೆ ಒಂದು ಬೈನಾಕ್ಯುಲರ್ ಕೊಡಿಸಿ. ಹೂ ಬಿಟ್ಟಾಗ ನೀಲಿ ರೆಕ್ಕೆಯ ಗಿಳಿಗಳು ಅಂಗಳಕ್ಕೇ ಬರುತ್ತವೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನನ್ನ ಮನೆಯಲ್ಲಿ ಇರುವುದೇ ಆ ವ್ಯವಸ್ಥೆ.

ಮುಂಗಡದ 5,000 ವಾಪಸ್ ಕೇಳಿ. ಮರಿ ಇನ್ನೂ ತಾನಾಗಿ ತಿನ್ನುತ್ತಿಲ್ಲ, ನೋಂದಣಿ ಕಾಗದ ತೋರಿಸಿಲ್ಲ ಎಂಬ ಎರಡು ಕಾರಣವನ್ನು ಫೋನಿನಲ್ಲಿ ಹೇಳಬೇಡಿ, ಬರೆದೇ ಕಳಿಸಿ. ಕೊಡದೇ ಹೋದರೂ ಆ 5,000ಕ್ಕಾಗಿ ಮರಿ ತರಬೇಡಿ. ಈ ವಾರ ಬಸ್ಸಿಗೆ ಹಾಕಿ ಕಳಿಸುತ್ತೇವೆ ಅಂದರೆ ಬೇಡ ಎಂದು ಇವತ್ತೇ ತಿಳಿಸಿಬಿಡಿ. ಐದು ವಾರದ ಮರಿ ಒಂದು ರಾತ್ರಿಯ ಪ್ರಯಾಣವನ್ನೂ ತಡೆಯುವುದಿಲ್ಲ.